ಸ್ಟೀಲಿನ ದಂಬೆ

ದಹಿಸರಿನ ನಮ್ಮ ಚಾಳಿನಲ್ಲಿ ಮನೆಗಳು ಎದುರುಬದುರು. ನಡುವಿನ ಓಣಿಯಲ್ಲಿ ಇಬ್ಬರು ಒಟ್ಟಿಗೆ ನಡೆದರೆ ಭುಜ ತಾಗುತ್ತದೆ. ಹೋದ ವರ್ಷ ನಾವು ಮೇಲೊಂದು ಕೋಣೆ ಎಬ್ಬಿಸಿ ಹೊಸ ಶೀಟು ಹಾಕಿಸಿದಾಗ ಮಾಡಿನ ಅಂಚು ಓಣಿಯ ಮೇಲೆ ಚಾಚಿಕೊಂಡಿತು. ಆ ಮಳೆಗಾಲದಲ್ಲಿ ಅಲ್ಲಿಂದ ಸುರಿದ ನೀರು ಎದುರುಮನೆಯ ಹೊಸ್ತಿಲು ದಾಟಿತು.

ಎದುರುಮನೆಯಲ್ಲಿ ಒಬ್ಬ ಮರಾಠಿ ಹೆಂಗಸು, ಒಂಟಿ. ನಾನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತೇನೆ. ಬಾಗಿಲ ಬೆಳಕಿಗೆ ಮಿಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುವುದೇ ಅವರ ಜೀವನ. ಆ ಸಲ ಗಿರಾಕಿಯೊಬ್ಬರ ರೇಷ್ಮೆ ಬ್ಲೌಸಿನ ಮೇಲೆ ನೀರು ಸಿಡಿಯಿತು. ಕಾನ್ವೆಂಟಿನಲ್ಲಿ ಸಿಸ್ಟರ್ ಹೊಲಿಗೆ ಕಲಿಸಿದ್ದರಿಂದ, ರೇಷ್ಮೆಯ ಮೇಲೆ ನೀರಿನ ಕಲೆ ಹೇಗೆ ಅಂಚುಕಟ್ಟಿ ಕೂರುತ್ತದೆಂದು ನನಗೆ ಗೊತ್ತು. ಮಾವಶಿ ಜಗಳವಾಡಲಿಲ್ಲ. ಮಿಷಿನನ್ನು ಒಳಗೆ, ಟ್ಯೂಬ್‌ಲೈಟಿನ ಕೆಳಗೆ ಎಳೆದುಕೊಂಡರು. ನನ್ನೊಡನೆ ಮಾತು ಕಡಿಮೆ ಮಾಡಿದರು. ಸೂಜಿಗೆ ದಾರ ಪೋಣಿಸಲು ಅವರು ತಡಕಾಡುವುದು ನಮ್ಮ ಕಿಟಕಿಗೆ ಕಾಣುತ್ತಿತ್ತು.

ಈ ವರ್ಷ ಮಳೆಗೆ ಮೊದಲೇ ದಂಬೆ ಕಟ್ಟಿಸಬೇಕೆಂದು ಹಟ ಹಿಡಿದೆ. ಸೂರಿನ ನೀರು ಹಿಡಿದು ಬದಿಯ ಪೈಪಿಗೆ ಒಯ್ಯುವ ಕಾಲುವೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಇಲ್ಲಿಯವರು ಪ್ಲಾಸ್ಟಿಕ್ಕಿನದು ಸಿಕ್ಕಿಸುತ್ತಾರೆ. ನನ್ನ ಗಂಡನಿಗೆ ಅದು ಒಗ್ಗಲಿಲ್ಲ. ಬೊರಿವಲಿಯಲ್ಲಿ ಹೋಟೆಲು ನಡೆಸುವ ಅವರಿಗೆ ಸ್ಟೀಲಿನ ಮೇಲೆ ಮಾತ್ರ ನಂಬಿಕೆ.

“ಪ್ಲಾಸ್ಟಿಕ್ ಬಿಸಿಲಿಗೆ ಒಡೀತದೆ ಮಾರಾಯ್ತಿ. ನಮ್ಮ ಹೋಟೆಲಿನ ಕಿಚನ್ ಮಾಡಿದವನಿಗೇ ಹೇಳಿದ್ದೇನೆ.”

ಅವನು ತಂದ ದಂಬೆ ಕನ್ನಡಿಯಂತೆ ಹೊಳೆಯುತ್ತಿತ್ತು. ಅಂಚು ಮಡಚಿ, ಮೂಲೆ ಉಜ್ಜಿ, ಹೋಟೆಲಿನ ಅಡುಗೆಕಟ್ಟೆಯ ಹಾಗೆ ಚೂರೂ ವಾಲದಂತೆ ಕೂರಿಸಿದ. ನೀರಿಳಿಯುವ ತೂತಿಗೆ ಕಸ ತಡೆಯುವ ಸಿಂಕಿನ ಜಾಳಿಯನ್ನೇ ಹಾಕಿದ್ದ.

“ಸ್ವಲ್ಪ ಇಳಿಜಾರು ಬೇಡವಾ?” ಎಂದೆ.

“ಓರೆ ಕಂಡ್ರೆ ಜನ ನಗುವುದಿಲ್ವಾ?” ಎಂದರು ಗಂಡ.

ಮೊದಲ ಮಳೆ ಮಧ್ಯಾಹ್ನ ಬಂತು. ಗುಲ್‌ಮೊಹರಿನ ಸಣ್ಣ ಎಲೆಗಳು ಜಾಳಿಗೆ ಮೆತ್ತಿಕೊಂಡವು. ದಂಬೆ ತುಂಬಿ, ನಟ್ಟನಡುವಿನಿಂದ ಮಾವಶಿಯ ಬಾಗಿಲಿಗೇ ಸುರಿಯಿತು. ಅವರು ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡಿದರು.

“ಭಾಭಿ, ಊಪರ್ ಬೇಸಿನ್ ಲಗಾಯಾ ಕ್ಯಾ? ಅಬ್ ಬರ್ತನ್ ಭೀ ವಹೀಂ ಧೋ ಲೋ!”

ನಾವು ಮೇಲೆ ಬೇಸಿನ್ ಕೂರಿಸಿದ್ದೇವಂತೆ, ಇನ್ನು ಪಾತ್ರೆಯನ್ನೂ ಅಲ್ಲೇ ತೊಳೆಯಬೇಕಂತೆ. ಒಂದು ವರ್ಷದಲ್ಲಿ ಅವರು ನನಗೆ ಹೇಳಿದ ಅತಿ ಉದ್ದದ ಮಾತು ಅದು.

ಗಂಡ ಕೊಡೆ ಬಿಟ್ಟು ಏಣಿ ಹತ್ತಿ ಎಲೆ ಬಾಚಿದರು. ಜಾಳಿ ತೆಗೆಯಲು ಮಾತ್ರ ಮನಸ್ಸಿಲ್ಲ. “ತೆಗೆದ್ರೆ ಕಸ ಪೈಪಿಗೆ ಹೋಗ್ತದೆ.”

“ಹೋಗ್ಲಿ ಮಾರಾಯ್ರೆ! ಅದು ನಿಮ್ಮ ಹೋಟೆಲಿನ ನೀರುಳ್ಳಿ ಸಿಪ್ಪೆಯಲ್ಲ.”

ತೆಗೆದರು. ಮಳೆ ಬಿಟ್ಟ ಮೇಲೆ ಪೈಪಿನ ಕಡೆಯ ಕ್ಲಾಂಪುಗಳನ್ನು ಇಳಿಸಿ ದಂಬೆಯನ್ನು ಓರೆ ಮಾಡಿಸಿದರು. ಕೆಲವು ದಿನ ಓಣಿಗೆ ಬರುವಾಗ ತಲೆಯೆತ್ತಿ ಮಾಡಿನ ಕಡೆ ನೋಡುತ್ತಿರಲಿಲ್ಲ.

ಜುಲೈಯ ಒಂದು ಜೋರು ಮಳೆಯಲ್ಲಿ ಮಾವಶಿ ಬಾಗಿಲಲ್ಲಿ ನಿಂತು, ನಮ್ಮ ಸೂರಿನ ಕೆಳಗೆ ಅಂಗೈ ಹಿಡಿದಿದ್ದರು. ತುಂಬ ಹೊತ್ತು ಹಿಡಿದಿದ್ದರೂ ಮಳೆಯ ಹನಿಗಳಷ್ಟೇ ಸಿಡಿದವು, ಧಾರೆ ಬೀಳಲಿಲ್ಲ. ಆಮೇಲೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದರು. ಮಿಷಿನಿನ ಕಬ್ಬಿಣದ ಕಾಲು ನೆಲಕ್ಕೆ ಉಜ್ಜುವ ಸದ್ದು ಕೇಳಿತು. ಕಿಟಕಿಯಿಂದ ಇಣುಕಿದೆ. ಪೂರ್ತಿ ಬಾಗಿಲವರೆಗೆ ತಂದಿರಲಿಲ್ಲ. ಒಂದು ಟೈಲಿನಷ್ಟು ಈಚೆ ಬಂದಿತ್ತು.