ಬೀಗದಕ್ಕನ ಹದಿನೆಂಟು ಬಕೆಟ್

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಚರ್ಚಿನ ಹಿಂಬದಿಯ ನಲ್ಲಿಯ ಕೆಳಗೆ ಬಕೆಟ್ ತುಂಬುತ್ತಿದೆ. ಅದು ತುಂಬುವವರೆಗೆ ಬೀಗದಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪೊರಕೆಯ ಬುಡವನ್ನು ಕಲ್ಲಿಗೆ ಕುಟ್ಟಿ ಕಡ್ಡಿಗಳನ್ನು ಸಮ ಮಾಡಿಕೊಳ್ಳುತ್ತಾರೆ. ನಲ್ಲಿಯಿಂದ ಶೌಚಾಲಯದ ಬಾಗಿಲಿಗೆ ನಲವತ್ತು ಹೆಜ್ಜೆ. ಒಂದು ಸಲಕ್ಕೆ ಎರಡು ಬಕೆಟ್, ಒಟ್ಟು ಒಂಬತ್ತು ಸಲ. ಹದಿನೆಂಟು ಬಕೆಟ್ ನೀರು ಒಳಗಿನ ಡ್ರಮ್ಮುಗಳನ್ನು ಸೇರುವಷ್ಟರಲ್ಲಿ ಅವರು ಏಳುನೂರ ಇಪ್ಪತ್ತು ಹೆಜ್ಜೆ ನಡೆದಿರುತ್ತಾರೆ. ಮೋಟಾರು ಇದೆ. ಅದನ್ನು ಹಾಕುವುದು ಭಾನುವಾರ ಮಾತ್ರ.

ಗೋಡೆಯ ಪಕ್ಕದಲ್ಲಿ ಆಗಲೇ ಆರು ಮಂದಿ ಹೆಂಗಸರು ನಿಂತಿದ್ದಾರೆ. ಎದುರಿನ ಸಗಟು ಮಾರುಕಟ್ಟೆಗೆ ಸೊಪ್ಪು, ಹೂವು, ನಿಂಬೆಹಣ್ಣು ತರುವವರು. ನಾಲ್ಕಕ್ಕೇ ಬಂದವರು, ಹತ್ತರವರೆಗೆ ಮನೆಗೆ ಹೋಗುವಂತಿಲ್ಲ. ಮಾರುಕಟ್ಟೆಯಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲ.

"ಅಕ್ಕಾ, ಇವತ್ತು ಫಿನಾಯಿಲ್ ಜಾಸ್ತಿ ಆಯ್ತು. ನನ್ನ ಸೊಪ್ಪಿಗೂ ವಾಸನೆ ಹತ್ಕೊಳ್ಳತ್ತೆ."

"ಹತ್ಕೊಳ್ಳಲಿ ಬಿಡೇ. ಹುಳನಾದ್ರೂ ಬರಲ್ಲ."

ಒಬ್ಬರಿಗೆ ನಾಲ್ಕು ನಿಮಿಷವೆಂದರೆ ಎರಡು ಕೋಣೆಗಳಿಂದ ಗಂಟೆಗೆ ಮೂವತ್ತು ಜನ. ದಿನಕ್ಕೆ ಸರಾಸರಿ ಬರುವವರು ಮೂವತ್ತೊಂದು. ಬಾಗಿಲು ಹತ್ತರವರೆಗೆ ತೆರೆದಿರುವುದರಿಂದ ಯಾರೂ ಬಹಳ ಹೊತ್ತು ಕಾಯಬೇಕಿಲ್ಲ. ಆದರೆ ಇದೇ ವರ್ಷದ ಆರಂಭದಲ್ಲಿ ಈ ಎರಡು ಬಾಗಿಲುಗಳು ಶಾಶ್ವತವಾಗಿ ಮುಚ್ಚಿಹೋಗುವುದರಲ್ಲಿದ್ದವು.

ಐವತ್ತನಾಲ್ಕು ವರ್ಷದ ಬೀಗದಕ್ಕ ಈ ಚರ್ಚನ್ನು ಗುಡಿಸಲು ತೊಡಗಿ ಇಪ್ಪತ್ತೆರಡು ವರ್ಷವಾಯಿತು. ಸಭೆಯವರು ಅವರನ್ನು ಕರೆಯುವುದು ಆಯಾ ಎಂದು. ಬೀಗದಕ್ಕ ಎಂಬುದು ಮಾರುಕಟ್ಟೆಯವರು ಇಟ್ಟ ಹೆಸರು. ಚರ್ಚಿನ ಹಿಂದಿನ ಓಣಿಯಲ್ಲಿ ಒಂದೂವರೆ ಕೋಣೆಯ ಮನೆ. ಮೂಟೆ ಹೊತ್ತು ಹೊತ್ತು ಮಂಡಿ ಕೆಡಿಸಿಕೊಂಡ ಗಂಡ ಈಗ ಮನೆಯಲ್ಲಿ ಕೂತು ಸವೆದ ಪೊರಕೆಗಳನ್ನು ಬಿಚ್ಚಿ, ಎರಡರದ್ದನ್ನು ಒಂದು ಮಾಡಿ ಬಿಗಿದುಕೊಡುತ್ತಾರೆ. ಎಂಬತ್ತು ದಾಟಿದ ಅತ್ತೆಯ ನಾಲಿಗೆ ಮಾತ್ರ ಇನ್ನೂ ಸವೆದಿಲ್ಲ. "ಮನೆ ಬಚ್ಚಲಿಗೆ ಒಂದು ಚೊಂಬು ನೀರು ಹುಯ್ಯೇ ಅಂದ್ರೆ ಇವಳಿಗೆ ಸೊಂಟನೋವು. ಅಲ್ಲಿ ಹದಿನೆಂಟು ಬಕೆಟ್ ಹೊರ್ತಾಳೆ, ಮಹಾರಾಯಿತಿ!" ಹಾಗೆನ್ನುತ್ತಲೇ ಮುದುಕಿ ನಾಲ್ಕೂವರೆಗೆ ಸೊಸೆಯನ್ನು ತಟ್ಟಿ ಎಬ್ಬಿಸುತ್ತಾರೆ.

ವಾರಕ್ಕೆ ನೂರ ಅರವತ್ತೆಂಟು ಗಂಟೆ. ಚರ್ಚು ತೆರೆದಿರುತ್ತಿದ್ದುದು ಐದು ಗಂಟೆ. ಉಳಿದ ನೂರ ಅರವತ್ತಮೂರು ಗಂಟೆಯ ಬೀಗದಕೈ ಅಕ್ಕನ ಸೊಂಟದಲ್ಲಿ ತೂಗುತ್ತಿತ್ತು. ಆರು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಸೊಪ್ಪು ಮಾರುವ ಹೆಂಗಸೊಬ್ಬಳು ಗೇಟಿನ ಮುಂದೆ ತಲೆಸುತ್ತಿ ಬಿದ್ದಳು.

"ಓಡಿಹೋಗಿ ನೀರು ತಂದೆ. ಬೇಡ ಅಂತ ತಲೆ ಆಡಿಸಿದ್ಲು. ಯಾಕೇ ಅಂದೆ. ಕುಡಿದ್ರೆ ಆಮೇಲೆ ಎಲ್ಲಿಗೆ ಹೋಗ್ಲಿ ಅಂದ್ಲು. ಹಿಂದಿನ ಸಂಜೆಯಿಂದ ಒಂದು ಗುಟುಕೂ ಕುಡಿದಿರ್ಲಿಲ್ಲ. ನನ್ನ ಸೊಂಟದಲ್ಲಿ ಬೀಗದಕೈ ಇತ್ತು. ನಾಚಿಕೆ ಆಯ್ತು." ಅಂದು ತೆರೆದ ಶೌಚಾಲಯದ ಬಾಗಿಲನ್ನು ಅಕ್ಕ ಮರುದಿನವೂ ತೆರೆದರು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕೇಳಬೇಕೆಂದು ತೋಚಲೂ ಇಲ್ಲ.

ಚರ್ಚಿನಲ್ಲಿ ಸಮಾಜಸೇವಾ ಉಪಸಮಿತಿ ಎಂಬುದೊಂದಿದೆ. 'ನಮ್ಮ ನೆರೆಹೊರೆಗೆ ಏನು ಬೇಕು' ಎಂಬ ವಿಷಯದ ಮೇಲೆ ಅದು ಎರಡು ವರ್ಷಗಳಲ್ಲಿ ಒಂಬತ್ತು ಸಲ ಸೇರಿ, ಇನ್ನಷ್ಟು ಚರ್ಚೆಯ ಅಗತ್ಯವಿದೆ ಎಂದು ಒಂಬತ್ತು ಸಲವೂ ಬರೆದಿಟ್ಟಿದೆ. ಸಭೆ ಗೋಡೆಯಾಚೆಗೆ ಹೋಗಬೇಕು ಎಂದು ಚರ್ಚಿನ ಪಾದ್ರಿಯಾದ ಸಭಾಪಾಲಕರು ನಾಲ್ಕು ಭಾನುವಾರ ಬೋಧಿಸಿದ್ದಾರೆ. ಬೋಧನೆಯಲ್ಲಿ ದೋಷವಿರಲಿಲ್ಲ. ಗೋಡೆಯಾಚೆಯವರು ದಿನವೂ ಗೋಡೆಗೇ ಒರಗಿ ನಿಂತಿದ್ದರು; ಅವರನ್ನು ನೋಡುವಷ್ಟು ಬೇಗ ಯಾರೂ ಏಳುತ್ತಿರಲಿಲ್ಲ.

ಈ ವರ್ಷದ ಮೊದಲ ತಿಂಗಳು ಕಟ್ಟಡಕ್ಕೆ ಬಣ್ಣ ಬಳಿಸಲೆಂದು ಬೇಗ ಬಂದ ಸಭಾಹಿರಿಯರೊಬ್ಬರು ಈ ಸಾಲನ್ನು ಕಂಡರು. ಅವರದು ಕಬ್ಬಿಣದ ಸಾಮಾನಿನ ಅಂಗಡಿ. "ದೇವರ ಮನೆ ಬಸ್ ನಿಲ್ದಾಣ ಅಲ್ಲ" ಎಂದರು. ಚರ್ಚಿನ ಆಡಳಿತ ಸಮಿತಿ ಏಳೇ ನಿಮಿಷದಲ್ಲಿ ನಿರ್ಣಯಿಸಿತು: ಹೊಸ ಬೀಗ ಹಾಕಿಸಬೇಕು, ಬೀಗದಕೈ ಸದಾ ಕಾರ್ಯದರ್ಶಿಯ ಕೈಯಲ್ಲಿರಬೇಕು, ಹೊರಗಿನವರು ಬಂದರೆ ಕೂಡದೆಂದು ಆಯಾ ತಿಳಿಸಬೇಕು. ಬೀಗ ಹಿರಿಯರ ಅಂಗಡಿಯಿಂದಲೇ ಬಂತು.

ಕಾರ್ಯದರ್ಶಿ ನಿವೃತ್ತ ಮುಖ್ಯೋಪಾಧ್ಯಾಯರು. ಮರುದಿನ ಐದು ಗಂಟೆಗೆ ಅವರ ಮನೆಯ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ಅಕ್ಕ.

"ಮೇಷ್ಟ್ರೇ, ಏಳು ಜನ ಬಂದು ನಿಂತಿದಾರೆ."

"ಆಗೋದಿಲ್ಲ ಅಂತ ಹೇಳಮ್ಮಾ."

"ಗುಡಿಸು ಅನ್ನಿ, ಗುಡಿಸ್ತೀನಿ. ತೊಳಿ ಅನ್ನಿ, ತೊಳೀತೀನಿ. ಹೊಟ್ಟೆ ಹಿಡ್ಕೊಂಡು ನಿಂತೋರಿಗೆ ಆಗಲ್ಲ ಅನ್ನೋ ಕೆಲಸ ನಂಗೆ ಬರಲ್ಲ. ನೀವೇ ಬಂದು ಹೇಳ್ಬಿಡಿ."

ಮೇಷ್ಟ್ರು ಸ್ವೆಟರು ತೊಟ್ಟು, ಬೀಗದಕೈ ಹಿಡಿದು, ಹೇಳಿಬಿಡಲೆಂದೇ ಬಂದರು. ಅವರಿಗೆ ಹತ್ತು ವರ್ಷದಿಂದ ಸೊಪ್ಪು ಕೊಡುವವಳು ಸಾಲಿನ ಮೊದಲಿಗಿದ್ದಳು. ಸರಿದು ಜಾಗ ಬಿಟ್ಟಳು. "ಬನ್ನಿ ಮೇಷ್ಟ್ರೇ, ವಯಸ್ಸಾದೋರು, ನೀವೇ ಮೊದಲು ಹೋಗಿ ಬನ್ನಿ. ನಾವು ತಡ್ಕೋತೀವಿ."

ಬೀಗದಕೈ ಕಾರ್ಯದರ್ಶಿಯ ಕೈಯಲ್ಲಿರಬೇಕೆಂದು ನಿರ್ಣಯ ಹೇಳುತ್ತದೆ. ಕಾರ್ಯದರ್ಶಿ ಎಲ್ಲಿ ನಿಂತಿರಬೇಕೆಂದು ಹೇಳುವುದಿಲ್ಲ. ಮೇಷ್ಟ್ರೇ ಬೀಗ ತೆಗೆದರು. ಅಂದಿನಿಂದ ಹನ್ನೊಂದು ವಾರ ದಿನವೂ ಬಂದು ತೆಗೆದರು. ಪುಸ್ತಕವೊಂದರಲ್ಲಿ ತಲೆ ಎಣಿಸಿ ಗೆರೆ ಎಳೆದರು. "ಮೇಷ್ಟ್ರು ಹಾಜರಿ ಹಾಕ್ತಾರೆ, ತಪ್ಪಿಸ್ಕೊಂಡ್ರೆ ಬೆಂಚ್ ಮೇಲೆ ನಿಲ್ಲಿಸ್ತಾರೆ ಕಣ್ರೇ" ಎಂದು ಹೂವಿನವಳು ನಗಿಸುತ್ತಿದ್ದಳು.

ವಾರ್ಷಿಕ ಸಭೆಯ ದಿನ ಅವರು ಆ ಪುಸ್ತಕ ತೆರೆದು ಎರಡೇ ಅಂಕಿ ಓದಿದರು. ಭಾನುವಾರದ ಆರಾಧನೆಗೆ ಬಂದವರು ಸರಾಸರಿ ಎಂಬತ್ತನಾಲ್ಕು. ವಾರವೊಂದರಲ್ಲಿ ಹಿಂದಿನ ಗೇಟಿನಿಂದ ಬಂದವರು ಇನ್ನೂರ ಹದಿನೇಳು.

"ಆ ಇನ್ನೂರ ಹದಿನೇಳರಲ್ಲಿ ನಮ್ಮವರೆಷ್ಟು ಜನ?" ಅಂಗಡಿಯ ಹಿರಿಯರು ಕೇಳಿದರು.

ಮೇಷ್ಟ್ರು ಪುಸ್ತಕ ತಿರುವಿದರು. ಆ ಲೆಕ್ಕ ಅದರಲ್ಲಿರಲಿಲ್ಲ. ಚಹಾ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಕ್ಕ ಬಾಯಿಬಿಟ್ಟರು. "ಅವಸರದಲ್ಲಿ ಬಂದೋರ್ನ ಅದನ್ನ ಕೇಳೋಕಾಗಲ್ಲ ಸರ್. ನೀವಾದ್ರೂ ಕೇಳ್ತಿರ್ಲಿಲ್ಲ." ಇಪ್ಪತ್ತೆರಡು ವರ್ಷದಲ್ಲಿ ಸಭೆಯೊಂದರಲ್ಲಿ ಅವರು ಆಡಿದ ಮೊದಲ ಮಾತು ಅದು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಹಿರಿಯರು ನಗಲಿಲ್ಲ.

ಬಾಗಿಲು ತೆರೆದಿರಲಿ ಎಂದವರು ಮೂವತ್ತೇಳು ಜನ. ಬೇಡವೆಂದವರೂ ಮೂವತ್ತೇಳು. ಸಭಾಪಾಲಕರು ಎರಡು ಸಲ ಎಣಿಸಿದರು. "ಇನ್ನೊಬ್ಬ ಸದಸ್ಯರು ಉಳಿದಿದ್ದಾರೆ" ಎಂದು ಮೇಷ್ಟ್ರು ಬಾಗಿಲ ಕಡೆ ನೋಡಿದರು. ಸದಸ್ಯರ ಪಟ್ಟಿಯಲ್ಲಿ ಅಕ್ಕನ ಹೆಸರು ಮೊದಲಿನಿಂದಲೂ ಇದೆ. ಆದರೆ ಮತ ಎಣಿಸುವುದು ಪ್ರತಿ ವರ್ಷವೂ ಚಹಾದ ಹೊತ್ತಿಗೇ. ಎರಡೂ ಕೈಯಲ್ಲಿ ತಟ್ಟೆ ಹಿಡಿದವರು ಕೈ ಎತ್ತುವುದು ಹೇಗೆ?

ಹತ್ತಿರ ಕುಳಿತಿದ್ದವರು ಅದೇ ಹಿರಿಯರು. ಎಲ್ಲರೂ ನೋಡುತ್ತಿದ್ದಂತೆ ಎದ್ದರು. "ಇಲ್ಲಿ ಕೊಡಮ್ಮ ಅದನ್ನ" ಎಂದು ತಟ್ಟೆ ಇಸಿದುಕೊಂಡು, ಒಂದು ಲೋಟವೂ ತುಳುಕದಂತೆ ಹಿಡಿದು ನಿಂತರು. ಅಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೇಲೆತ್ತಿದರು. ಮೂವತ್ತೆಂಟು.

ಬೀಗದಕೈ ಈಗ ಮತ್ತೆ ಅವರ ಸೊಂಟಕ್ಕೆ ಬಂದಿದೆ. ಬರುವ ಅಗತ್ಯವಿಲ್ಲದಿದ್ದರೂ ಮೇಷ್ಟ್ರು ಐದಕ್ಕೆ ಬರುತ್ತಾರೆ. ಎಚ್ಚರ ಹೇಗೂ ಆಗಿಬಿಡುತ್ತದೆ ಎನ್ನುತ್ತಾರೆ. ಸಮಿತಿಗೆ ಸೇರಬೇಕೆಂದು ಸಭಾಪಾಲಕರು ಅಕ್ಕನನ್ನು ಕರೆದಿದ್ದಾರೆ. "ಮೀಟಿಂಗು ಬೆಳಿಗ್ಗೆ ಎಂಟಕ್ಕಂತೆ. ಎಂಟಕ್ಕೆ ನನ್ನ ಹತ್ರ ಜನ ಇರ್ತಾರೆ. ಅಯ್ಯನೋರಿಗೆ ಹೇಳಿದೀನಿ, ಮಧ್ಯಾಹ್ನಕ್ಕೆ ಇಟ್ಕೊಂಡ್ರೆ ಬರ್ತೀನಿ ಅಂತ."

ಬೇರೇನಾದರೂ ಬೇಕೇ ಎಂದರೆ ಅಕ್ಕ ಪೊರಕೆ ಒರಗಿಸಿ ಯೋಚಿಸುತ್ತಾರೆ.

"ಎರಡು ಬಾಗಿಲಿಗೂ ಒಳಗಡೆ ಒಂದೊಂದು ಮೊಳೆ. ಒದ್ದೆ ನೆಲದ ಮೇಲೆ ಇಡೋಕಾಗದೆ ಚೀಲಾನ ಕುತ್ತಿಗೆಗೆ ಹಾಕ್ಕೊಂಡೇ ಕೂತ್ಕೋತಾರೆ, ಪಾಪ. ಆ ಹಿರಿಯರ ಅಂಗಡೀಲಿ ಇರತ್ತೆ, ನಾಳೆ ನಾನೇ ಹೋಗಿ ಕೇಳ್ತೀನಿ. ಸಣ್ಣದು ಕೊಟ್ರೆ ತಗೊಳ್ಳಲ್ಲ. ತಕ್ಕಡಿ, ತೂಕದ ಕಲ್ಲು ಎಲ್ಲಾ ಆ ಚೀಲದಲ್ಲೇ ಇರತ್ತಲ್ಲ, ತಡೀಬೇಕು."