ಆರುನೂರು ಹಂಚು

ಹೋದ ವಾರ ಬೆಳಗಾವಿಯ ಅನಗೋಳದ ನಮ್ಮ ಗಲ್ಲಿಯಲ್ಲಿ ಗಟಾರಕ್ಕೆಂದು ನೆಲ ಅಗೆದರು. ಅಗೆಯುವ ಯಂತ್ರದ ಯಾವುದೋ ನಳಿಕೆ ಸೋರಿ, ಹಸಿ ಕೆಮ್ಮಣ್ಣಿನ ಗುಡ್ಡೆಯ ಮೇಲೆಲ್ಲ ಎಣ್ಣೆ ಹರಡಿತ್ತು. ಆಫೀಸಿಗೆ ಹೊರಟವಳು ಆ ಗುಂಡಿಯ ಮೇಲಿಟ್ಟ ಹಲಗೆ ದಾಟುತ್ತ ನಡುವೆಯೇ ನಿಂತುಬಿಟ್ಟೆ. ಒದ್ದೆ ಮಣ್ಣು, ಅದರೊಳಗೆ ಇಳಿದ ಯಂತ್ರದ ಎಣ್ಣೆ. ಇದು ನನ್ನ ಆಯಿಯ ಸೀರೆಯ ವಾಸನೆ. ಅಪ್ಪನ ತಾಯಿಯನ್ನು ನಾನು ಆಯಿ ಎಂದೇ ಕರೆಯುತ್ತಿದ್ದೆ. ಎಷ್ಟು ಸಲ ಒಗೆದರೂ ಆ ವಾಸನೆ ಅವಳ ಸೆರಗು ಬಿಟ್ಟು ಹೋಗುತ್ತಿರಲಿಲ್ಲ. ಅವಳ ಮಗ್ಗುಲಲ್ಲಿ ಮಲಗಿ ಬೆಳೆದ ನನಗೆ ಅದೇ ನಿದ್ದೆಯ ವಾಸನೆಯಾಗಿತ್ತು. ಹಿಂದಿನ ದಿನವಷ್ಟೇ ನಮ್ಮ ಮ್ಯಾನೇಜರರು ಎಲ್ಲರ ಮುಂದೆ ನನ್ನನ್ನು ನಿಲ್ಲಿಸಿ, "ನಿಮ್ಮ ವಯಸ್ಸಿನವರದು ಇದೊಂದು ಹೊಸಾ ರೋಗ ನೋಡ್ರಿ. ಹೇಳಿದಷ್ಟ ಮಾಡೂದು, ಆರು ಹೊಡೀತಂದ್ರ ಬ್ಯಾಗ್ ಎತ್ತೂದು. ನಮ್ಮ ಕಾಲದಾಗ ಹಿಂಗ ಇರಲಿಲ್ಲ" ಎಂದಿದ್ದರು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳನ್ನೇ ಉಂಡು ಬೆಳೆದವಳು ನಾನು, "ಯಾರ ಕಾಲದಾಗ ಸರ್?" ಎಂದು ಕೇಳಿಯೂ ಬಿಟ್ಟಿದ್ದೆ. ಅವರು ಫೋನ್ ಎತ್ತಿಕೊಂಡು ತಮ್ಮ ಕೋಣೆಗೆ ನಡೆದರು. ಆ ಪ್ರಶ್ನೆಗೆ ನನ್ನ ಉತ್ತರ ನನಗೇ ನೆನಪಾಗಿದ್ದು ಈ ಹಲಗೆಯ ಮೇಲೆ.

ಖಾನಾಪುರದಲ್ಲಿ ಆಗ ಹಂಚಿನ ಕಾರ್ಖಾನೆಗಳು ಇನ್ನೂ ಉಸಿರಾಡುತ್ತಿದ್ದವು. ಅಂಥದ್ದೊಂದರ ಬೆನ್ನಿಗೇ ಅಂಟಿಕೊಂಡ ವಠಾರದಲ್ಲಿ ನಮ್ಮದೊಂದು ಖೋಲಿ. ಅಪ್ಪ ಅವ್ವ ಬೆಳಗಾವಿಯಲ್ಲಿ ದುಡಿಯುತ್ತ ಅನಗೋಳದ ಒಂದೇ ಕೋಣೆಯಲ್ಲಿ ಇನ್ನಿಬ್ಬರೊಂದಿಗೆ ಇರುತ್ತಿದ್ದರು. ಅಲ್ಲಿ ನನಗೆ ಜಾಗವಿರಲಿಲ್ಲ, ಹಾಗಾಗಿ ಐದನೆಯ ಇಯತ್ತೆ ಮುಗಿಯುವವರೆಗೂ ನಾನು ಆಯಿಯ ಪಾಲು. ಬೆಳಗಿನ ಜಾವ ಅವಳು ರೊಟ್ಟಿ ಬಡಿಯುವ ಸದ್ದಿಗೆ ಎಚ್ಚರವಾಗುತ್ತಿತ್ತು. ಟಪ್ ಟಪ್ ಟಪ್, ಎಷ್ಟು ಚುರುಕೆಂದರೆ ಎರಡು ಕೈಗಳೆಂದು ನಂಬುವುದು ಕಷ್ಟ. ಗೋಡೆಗೆ ಹಚ್ಚಿದ ಸುಣ್ಣದಲ್ಲಿ ಸ್ವಲ್ಪ ನೀಲಿ ಬೆರೆತಿತ್ತು, ಒಲೆಯ ಬೆಳಕು ಅದರ ಮೇಲೆ ಕುಣಿಯುತ್ತಿತ್ತು. ನಾಲ್ಕು ಖೋಲಿಗಳಾಚೆ ತಂಗೆವ್ವ ಇದ್ದಳು, ಎದುರಿಗೆ ಸುಶೀಲಾಬಾಯಿ. ಮೂವರೂ ಕಾರ್ಖಾನೆಯಲ್ಲಿ ಒಂದೇ ಬಾಕಿನ ಮೇಲೆ, ಅಂದರೆ ಒಂದೇ ಉದ್ದ ಬೆಂಚಿನ ಮೇಲೆ, ಕೂಡುವವರು. ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಊರನ್ನೆಲ್ಲ ಬೈಯುತ್ತಿದ್ದರು. ನಗು ಮಾತ್ರ ಒಂದೇ ಭಾಷೆಯದು.

ಅವರ ಕೆಲಸ ನೋಡಲು ಸುಲಭ. ಎಣ್ಣೆ ಹಚ್ಚಿದ ಅಚ್ಚಿನಿಂದ ಒತ್ತಿ ತೆಗೆದ ಹಸಿ ಹಂಚು ಹಲಗೆಯ ಮೇಲೆ ಬರುತ್ತದೆ. ಸುತ್ತ ಹೊರಗೆ ಉಕ್ಕಿದ ಮಣ್ಣನ್ನು ತಂತಿಯಿಂದ ಕೊರೆದು, ಅಂಚು ಸವರಿ, ನೆರಳಲ್ಲಿ ಒಣಗಲು ಅಟ್ಟಣಿಗೆಯಲ್ಲಿ ಇಡಬೇಕು. ಒಬ್ಬೊಬ್ಬರು ದಿನಕ್ಕೆ ಆರುನೂರು. ಬಾಕಿನ ಹಿಂದಿನ ಕರಿಹಲಗೆಯ ಮೇಲೆ ಆ ಸಂಖ್ಯೆಯನ್ನು ಬರೆದಿಟ್ಟಿದ್ದವನು ಮೇಲ್ವಿಚಾರಕ ಮುಕಾದಮ. ಕಿವಿಯ ಮೇಲೆ ಸದಾ ಸೀಮೆಸುಣ್ಣದ ತುಂಡು ಸಿಕ್ಕಿಸಿಕೊಂಡಿರುತ್ತಿದ್ದ. ಬುತ್ತಿ ಕೊಡುವ ನೆಪದಲ್ಲಿ ಹೋಗಿ ನಾನು ಆಯಿಯ ಕೈ ನೋಡುತ್ತಿದ್ದೆ. ಮನೆಯಲ್ಲಿ ರೊಟ್ಟಿಯ ಮೇಲೆ ಮಿಂಚುತ್ತಿದ್ದ ಕೈ ಅಲ್ಲಿ ಬೇರೆ ಯಾರದೋ ಆಗಿಬಿಡುತ್ತಿತ್ತು. ತಂತಿ ಎಳೆಯುವಳು, ನಿಲ್ಲುವಳು, ಸೆರಗು ಸರಿಪಡಿಸುವಳು, ಮುಗಿದ ಅಂಚನ್ನೇ ಮತ್ತೊಮ್ಮೆ ಸವರುವಳು. "ಆಯಿ, ನೀ ಯಾಕ ಇಲ್ಲಿ ಮುದುಕಿ ಆಗ್ತಿ?" ಎಂದು ಒಮ್ಮೆ ಕೇಳಿದ್ದಕ್ಕೆ ಅವಳು ತಲೆ ಎತ್ತದೆ, "ತಂಗೆವ್ವನ ಕೈ ನೋಡಿಯೇನು?" ಎಂದಳು. ತಂಗೆವ್ವನ ಬಲ ಮಣಿಕಟ್ಟು ಸೊಟ್ಟಗಿತ್ತು. ಅಟ್ಟಣಿಗೆಯಿಂದ ಬಿದ್ದು ಮುರಿದದ್ದು ಹಾಗೆಯೇ ಕೂಡಿಕೊಂಡಿತ್ತು. ಅವಳಿಂದ ನಾನೂರೈವತ್ತರ ಮೇಲೆ ಒಂದೂ ಆಗುತ್ತಿರಲಿಲ್ಲ. ಉಳಿದದ್ದನ್ನು ಆಯಿ, ಸುಶೀಲಾಬಾಯಿ ತಮ್ಮ ಆರುನೂರರ ಮೇಲೆ ಕೊರೆದು, ಯಾರೂ ನೋಡದಾಗ ಅವಳ ಹಲಗೆಯತ್ತ ಸರಿಸುತ್ತಿದ್ದರು. "ನಾ ಓಡಿದ್ನೆಂದ್ರ ಕರಿಹಲಗಿ ಮ್ಯಾಲಿನ ಲೆಕ್ಕಾನೂ ಓಡತೈತಿ. ಆಮ್ಯಾಲ ಆಕಿ ಎಲ್ಲಿ ಓಡಬೇಕ?" ಎಂದಳು ಆಯಿ. ಯಾರೂ ಬರೆದಿಡದ ಕಾಯದೆ ಅದು: ಆರುನೂರರ ಆಚೆ ಯಾರ ಹೆಸರಿನಲ್ಲೂ ಒಂದು ಹಂಚು ಕಾಣಬಾರದು, ಸಂಜೆಗೆ ಮುಂಚೆ ಯಾರ ಆರುನೂರೂ ಮುಗಿಯಬಾರದು.

ಅದನ್ನು ಮುರಿಸಿದವಳು ನಾನು. ನಾಲ್ಕನೆಯ ಇಯತ್ತೆಯ ಪರೀಕ್ಷೆಗೆ ಮುಂಚೆ ಸಾಲೆಯಲ್ಲಿ ಭಾಷಣ ಸ್ಪರ್ಧೆ ಇತ್ತು, ಮಧ್ಯಾಹ್ನ ಮೂರಕ್ಕೆ. ವಿಷಯ ಕೇಳಿದರೆ ನಗುತ್ತೀರಿ: ಸೋಮಾರಿತನವೇ ಮನುಷ್ಯನ ವೈರಿ. ಎಲ್ಲರ ಮನೆಯವರೂ ಬರುತ್ತಾರೆ, ನನಗೆ ಮಾತ್ರ ಯಾರೂ ಇಲ್ಲ ಎಂದು ನಾನು ಎರಡು ದಿನ ಅನ್ನ ಬಿಟ್ಟೆ. ಆ ಹಟವನ್ನು ಆಯಿಯಿಂದ ನೋಡಲಾಗಲಿಲ್ಲ. ಮುಕಾದಮನನ್ನು ಕೇಳಿದಳಂತೆ. ಅವನು ಬಹಳ ಸೌಮ್ಯವಾಗಿ, "ಹೋಗವಾ ಯಲ್ಲವ್ವಾ, ನಿನ್ನ ಆರುನೂರು ಮುಗಸು, ಹೋಗು. ನಾ ಯಾಕ ಬ್ಯಾಡ ಅನ್ನಲಿ?" ಎಂದನಂತೆ. ಆಯಿಗೆ ಆ ಮಾತಿನೊಳಗಿನ ಮುಳ್ಳು ಕಾಣಲಿಲ್ಲವೋ, ಕಂಡೂ ಮೊಮ್ಮಗಳ ಕಡೆ ವಾಲಿದಳೋ, ಇವತ್ತಿಗೂ ನಾನು ಎರಡೂ ಪಕ್ಷ ವಾದಿಸಬಲ್ಲೆ. ಎರಡು ಗಂಟೆಗೆ ಆರುನೂರನೆಯ ಹಂಚನ್ನಿಟ್ಟು ಅವಳು ಎದ್ದಳು. ಸಾಲೆಯ ಕೊನೆಯ ಬೆಂಚಿನಲ್ಲಿ ಮಣ್ಣು ಮೆತ್ತಿದ ಕಾಲು ಸೀರೆಯಲ್ಲಿ ಮುಚ್ಚಿಕೊಂಡು ಕೂತಿದ್ದವಳನ್ನು ನೋಡುತ್ತ ನಾನು, ಗುರುಗಳು ಬರೆದುಕೊಟ್ಟಿದ್ದನ್ನೆಲ್ಲ ಕೈ ಬೀಸಿ ಬೀಸಿ ಹೇಳಿದೆ. ಮೊದಲನೆಯ ಬಹುಮಾನ ಬಂತು. ಒಂದು ಸ್ಟೀಲಿನ ಲೋಟ.

ಮರುದಿನ ಬೆಳಿಗ್ಗೆ ಕರಿಹಲಗೆಯ ಮೇಲೆ ಏಳುನೂರಾ ಐವತ್ತು ಎಂದಿತ್ತು.

ಆಮೇಲಿನ ಮೂರು ವಾರ ನಮ್ಮ ಕಟ್ಟೆಗೆ ಯಾರೂ ಬರಲಿಲ್ಲ. ನೀರಿಗೆ ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಸುಶೀಲಾಬಾಯಿ ಒಂದು ದಿನ ಕೊಡ ಇಳಿಸಿ, ನನ್ನ ಗಲ್ಲ ಹಿಡಿದು, ಆಯಿಗೆ ಕೇಳುವಂತೆ, "ಭಾಳ ಚಂದ ಭಾಷಣ ಮಾಡಿದ್ಯಂತ ಗ ಬಾಳಾ! ನಮ್ಮ ಬೆನ್ನಿಗೂ ಕೇಳಿಸ್ತು ನೋಡು" ಎಂದಳು. ಬಾಗಿಲಲ್ಲಿ ನಿಂತಿದ್ದ ಆಯಿ ನನ್ನನ್ನು ಒಳಗೆ ಎಳೆದುಕೊಂಡಳು. ಸುಶೀಲಾಬಾಯಿಗೆ ತನ್ನ ಏಳುನೂರಾ ಐವತ್ತೇ ಮುಗಿಯದು, ಸರಿಸಲು ಮಿಗುವುದೇನು? ಆಯಿ ಒಬ್ಬಳೇ ಎಷ್ಟೆಂದು ಸರಿಸಿಯಾಳು? ತಂಗೆವ್ವನ ಹೆಸರಿನ ಮುಂದೆ ದಿನವೂ ಒಂದು ಕೆಂಪು ಗೀಟು ಬೀಳತೊಡಗಿತು. ಕೊನೆಗೆ ಮುಕಾದಮ, ಬರುವ ಒಂದನೆಯ ತಾರೀಖಿನಿಂದ ಬರಬೇಡ ಎಂದುಬಿಟ್ಟ. ಅವತ್ತು ಸಂಜೆ ತಂಗೆವ್ವ ನಮ್ಮ ಖೋಲಿಗೆ ಬಂದು ಹೊಸ್ತಿಲ ಹೊರಗೇ ಕೂತಳು. "ಯಕ್ಕಾ, ನಾ ಬೀಡಿ ಊರಿಗೆ ಹೋಗ್ತೀನಿ, ತಮ್ಮನ ಮನಿಗೆ" ಎಂದಳು. ತಮ್ಮನ ಹೆಂಡತಿ ಅವಳನ್ನು ಎರಡು ಸಲ ಹೊರಗೆ ಹಾಕಿದ್ದು ವಠಾರಕ್ಕೆಲ್ಲ ಗೊತ್ತಿತ್ತು. ಆಯಿ ಒಲೆಯಲ್ಲಿದ್ದ ಕಟ್ಟಿಗೆಯನ್ನು ಹಿಂದಕ್ಕೆಳೆದು, "ಎಲ್ಲೂ ಹೋಗೂದಿಲ್ಲ ನೀ. ಒಳಗ ಬಾ, ಉಣ್ಣು" ಎಂದಳು. ದನಿಯಲ್ಲಿ ಸಮಾಧಾನ ಇರಲಿಲ್ಲ, ಸಿಟ್ಟಿತ್ತು. ಅದು ಯಾರ ಮೇಲೆ ಎಂದು ನನಗೆ ತಿಳಿಯಿತು, ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ತಿಂಗಳು ಮುಗಿಯಲು ನಾಲ್ಕು ದಿನವಿತ್ತು. ಪರೀಕ್ಷೆ ಮುಗಿದು ನನಗೆ ಸೂಟಿ. ಬುತ್ತಿ ತೆಗೆದುಕೊಂಡು ಹೋದಾಗ ಕಾರ್ಖಾನೆಯ ಅಂಗಳದ ತುಂಬ ಹಂಚು ಹರವಿದ್ದರು. ಅವು ನೆರಳಲ್ಲಿ ಆರಿ, ಸುಡುವ ಭಟ್ಟಿಗೆ ಹೋಗುವ ಮುಂಚೆ ಬಿಸಿಲಿಗೆ ಕಾಯಿಸಲು ಇಟ್ಟವು. ಜಾಂಬೋಟಿಯ ಕಡೆಯಿಂದ ಮೋಡ ಬಂದದ್ದು ಎಷ್ಟು ಬೇಗವೆಂದರೆ ಆಯಿ ಎರಡನೆಯ ತುತ್ತು ಬಾಯಿಗೆ ಹಾಕಿರಲಿಲ್ಲ. ಅಂಗಳದ ಕೆಲಸಕ್ಕೆ ಇದ್ದವರು ಇಬ್ಬರೇ ಗಂಡಸರು. ಮಳೆಯ ಸುಳಿವು ಸಿಕ್ಕರೆ ಬಾಕಿನ ಹೆಂಗಸರು ಯಾರೂ ಕರೆಯದೆ ಎದ್ದೋಡಿ ಹಂಚನ್ನು ಒಳಗೆ ಹೊರುವುದು ಎಂದಿನಿಂದಲೂ ನಡೆದುಬಂದಿತ್ತು. ಅವತ್ತು ಯಾರೂ ಏಳಲಿಲ್ಲ. ಹಿಂದಿನ ಎರಡು ರಾತ್ರಿ ಆಯಿ ತಾನೇ ಅವರವರ ಬಾಗಿಲಿಗೆ ಹೋಗಿ ಬಂದಿದ್ದಳು, ಅಲ್ಲೇ ಮಾತಾಡಿಕೊಂಡಿದ್ದರೋ ಏನೋ. ಎಲ್ಲರ ಕಣ್ಣೂ ಆಯಿಯ ಮೇಲಿತ್ತು. ದಪ್ಪ ಹನಿ ಬೀಳತೊಡಗಿದವು. ಒಣಗಿದ ಹಂಚಿನ ಮೇಲೆ ಒಂದೊಂದು ಹನಿಗೂ ಒಂದೊಂದು ಕುಳಿ. ಮುಕಾದಮ ಓಡಿಬಂದ.

"ಲಗೂನ ಬರ್ರಿ! ನಿಂತು ಏನ್ ನೋಡ್ತೀರಿ?"

"ನಮ್ಮ ಕೆಲಸ ಅಂಚು ಕೊರಿಯೂದು ಐತ್ರೀ" ಎಂದಳು ಆಯಿ. "ನಂದು ಇನ್ನೂ ನಾಕನೂರಕ್ಕ ಅದ. ಅಂಗಳದ ಕೆಲಸ ಕರಿಹಲಗಿ ಮ್ಯಾಲ ಬರದಿಲ್ಲಲ್ರೀ."

ಅವನು ತಾನೇ ನಾಲ್ಕು ಹಂಚು ಎತ್ತಿದ, ಎರಡು ಕೈಯಲ್ಲೇ ಮುರಿದವು. "ಯಲ್ಲವ್ವಾ, ಮಾಲಕರು ನನ್ನ ನೌಕರಿ ಉಳಸೂದಿಲ್ಲ!" ಅವನ ಮುಖದಲ್ಲಿ ಆಗ ದರ್ಪವಿರಲಿಲ್ಲ, ಬರಿಯ ಹೆದರಿಕೆ. ಆಯಿ ನನ್ನ ಮಣಿಕಟ್ಟನ್ನು ಹಿಡಿದುಕೊಂಡಿದ್ದಳು. ಬಳೆ ಒಡೆದು ಚುಚ್ಚುವಷ್ಟು ಬಿಗಿಯಾಗಿ ಹಿಡಿದಿದ್ದಳು, ತಾನೇ ಓಡಿಬಿಡದಂತೆ ನನ್ನನ್ನು ಗೂಟ ಮಾಡಿಕೊಂಡವಳ ಹಾಗೆ. "ಹಂಗಾರ ತಂಗೆವ್ವನ ನೌಕರಿ?" ಎಂದಳು.

"ಇರತೈತಿ ಬಿಡವಾ! ಆರುನೂರ, ಆರುನೂರ! ಬರ್ರಿ ಮೊದಲ!"

"ಮೊದಲ ಬರೀರಿ."

ಅವನು ಕರಿಹಲಗೆಯತ್ತ ಓಡಿದ. ಒದ್ದೆ ಕೈಯಲ್ಲಿ ಸೀಮೆಸುಣ್ಣ ಎರಡು ತುಂಡಾಯಿತು. ಅವನು ತೋಳಿನಿಂದ ಒರೆಸಿ, ಆರು ಬರೆದು, ಸೊನ್ನೆ ಬರೆದು, ಇನ್ನೊಂದು ಸೊನ್ನೆ ಬರೆಯುವಷ್ಟರಲ್ಲಿ ಅಂಗಳದ ಆಚೆ ಬದಿಯ ಮೂರು ಸಾಲು ಕರಗಿ ಮಲಗಿದವು. ಅಂಚೆಲ್ಲ ಮೆತ್ತಗಾಗಿ ಒಂದರೊಳಗೊಂದು ಕೂಡುತ್ತಿದ್ದವು. ಆಯಿಯ ಉಸಿರು ನನಗೆ ಕೇಳುತ್ತಿತ್ತು. ಎರಡನೆಯ ಸೊನ್ನೆ ಮುಚ್ಚಿತು, ಅವಳು ನನ್ನ ಕೈ ಬಿಟ್ಟಳು, ಹಿಂದೆಯೇ ಎಲ್ಲರೂ ಮಳೆಗೆ ಇಳಿದರು. ಅರ್ಧ ಉಳಿಯಿತು. ಗೆದ್ದ ಖುಷಿ ಯಾರ ಮುಖದಲ್ಲೂ ಇರಲಿಲ್ಲ. ಮನೆಗೆ ಬಂದು ಒದ್ದೆ ಸೀರೆಯಲ್ಲೇ ಕೂತ ಆಯಿ, "ಮಣ್ಣೇನ ಮಾಡಿತ್ತ ಪಾಪ, ಅದಕ್ಯಾಕ ಶಿಕ್ಷಾ?" ಎಂದಳು, ನನಗಲ್ಲ. ತಂಗೆವ್ವ ಒಂದನೆಯ ತಾರೀಖಿಗೂ ಬಾಕಿನ ಮೇಲೆ ಇದ್ದಳು, ಆಮೇಲೂ ಇದ್ದಳು.

ಹೇಳಿದಷ್ಟೇ ಮಾಡುವುದು ಹೊಸದೇನಲ್ಲ ಎಂದು ಈಗ ನಾನು ಯಾವ ವೇದಿಕೆಯ ಮೇಲಾದರೂ ಸಾಧಿಸಬಲ್ಲೆ. ನಮ್ಮ ಮ್ಯಾನೇಜರರ ಅಜ್ಜ ಯಾವುದಾದರೂ ಗಿರಣಿಯಲ್ಲಿ ದುಡಿದಿದ್ದರೆ ಅವರೂ ಇದನ್ನು ಮಾಡಿರುತ್ತಾರೆ. ಮೊಮ್ಮಗನಿಗೆ ಹೇಳಿರಲಿಕ್ಕಿಲ್ಲ ಅಷ್ಟೇ. ಕನಿಷ್ಠ ಎಂದರೆ ಎಷ್ಟು, ಅದನ್ನು ಗೊತ್ತು ಮಾಡಿದವರು ಯಾರು ಎಂದು ಕೇಳದೆ ಯಾರನ್ನೂ ಸೋಮಾರಿ ಎನ್ನಬಾರದು ಎಂಬುದು ನನ್ನ ಮೊದಲ ವಾದ. ಆದರೆ ಎದುರು ಪಕ್ಷದ ಬೆಂಚಿನಲ್ಲೂ ಕೂತು ನೋಡುವುದನ್ನು ಕಲಿತವಳು ನಾನು. ಅಲ್ಲಿಂದ ಒಂದು ಪ್ರಶ್ನೆ ಬರುತ್ತದೆ: ನೀನು ಆರಕ್ಕೆ ಬ್ಯಾಗ್ ಎತ್ತುವುದು ಯಾರ ಸಲುವಾಗಿ? ನಮ್ಮ ಆಫೀಸಿನಲ್ಲಿ ಎಲ್ಲರಿಗಿಂತ ನಿಧಾನ ಯಾರು, ಅವರ ಮನೆಯಲ್ಲಿ ಏನು ಕಷ್ಟ, ನನಗೆ ಗೊತ್ತಿಲ್ಲ. ನಾನು ಉಳಿಸಿಕೊಳ್ಳುವ ಗಂಟೆ ನನ್ನದು, ಅದನ್ನು ಯಾರ ಹಲಗೆಯತ್ತಲೂ ಸರಿಸುವುದಿಲ್ಲ. ಹೊಸತೇನಾದರೂ ಇದ್ದರೆ ಇದೇ ಇರಬೇಕು. ಈ ಪ್ರಶ್ನೆಗೆ ಮರುವಾದವನ್ನು ಇನ್ನೂ ಹುಡುಕುತ್ತಿದ್ದೇನೆ.

ಆಯಿ ಈಗ ಇಲ್ಲ. ತಂಗೆವ್ವನೂ ಇಲ್ಲ. ಸುಶೀಲಾಬಾಯಿ ಮಗಳ ಊರಿಗೆ ಹೋದವಳು ಏನಾದಳೋ. ವಠಾರ ಕೆಡವಿದ ಜಾಗದಲ್ಲಿ ಕಲ್ಯಾಣಮಂಟಪದ ವಾಹನಗಳು ನಿಲ್ಲುತ್ತವೆ. ಆ ನೀಲಿ ಬೆರೆತ ಸುಣ್ಣದ ಗೋಡೆ ಯಾವ ಮೂಲೆಯಲ್ಲಿತ್ತು ಎಂದು ಹೋದ ಸಲ ನಿಂತು ಅಳೆದೆ, ಲೆಕ್ಕ ಸಿಗಲಿಲ್ಲ. ನಿಮ್ಮದೂ ಒಂದು ಮನೆ ಹೀಗೆ ಹೋಗಿದ್ದರೆ ಗೊತ್ತಿರುತ್ತದೆ, ಎಲ್ಲಕ್ಕಿಂತ ಮೊದಲು ಮರೆಯುವುದು ಅಳತೆಯನ್ನೇ.

ಆ ಮಳೆಯಾದ ಮರುವರ್ಷವೇ ಕಾರ್ಖಾನೆ ನಿಂತಿತು. ಊರೆಲ್ಲ ಸ್ಲ್ಯಾಬು, ತಗಡಿನ ಪತ್ರಾಸು ಎನ್ನುವಾಗ ಹಂಚು ಯಾರಿಗೆ ಬೇಕು? ಕೊನೆಯ ದಿನ ನಾನೂ ಹೋಗಿದ್ದೆ. ಕಲಸಿಟ್ಟ ಮಣ್ಣು ಇತ್ತೆಂದು ಮಧ್ಯಾಹ್ನದವರೆಗೆ ಅಚ್ಚು ಒತ್ತಿದರು. ಆಮೇಲೆ ಮುಕಾದಮ ಬಂದು, ಕರಿಹಲಗೆಯನ್ನು ಪೂರ್ತಿ ಒರೆಸಿ, "ಸಾಕ್ರವಾ. ಭಟ್ಟಿಗೆ ಇನ್ನ ಬೆಂಕಿ ಹಾಕೂದಿಲ್ಲ. ಮನಿಗೆ ಹೋಗ್ರಿ" ಎಂದ. ಎಲ್ಲರೂ ಬುತ್ತಿಯ ಗಂಟು ಕಟ್ಟಿದರು. ಆಯಿ ಎದ್ದವಳು, ಪಕ್ಕದಲ್ಲಿ ಪೇರಿಸಿಟ್ಟಿದ್ದ ಕೊರೆಯದ ಹಂಚುಗಳನ್ನು ನೋಡಿ ಮತ್ತೆ ಕೂತಳು. ತಂತಿ ತೆಗೆದುಕೊಂಡಳು. ಆ ಬಾಕಿನ ಮೇಲೆ ಅವಳ ನಿಜವಾದ ಕೈಯನ್ನು ನಾನು ಅವತ್ತು ಮೊದಲ ಸಲ ನೋಡಿದೆ. ಒಂದು ಎಳೆತ, ಇನ್ನೊಂದು, ಹೆಬ್ಬೆರಳು ಸುತ್ತ ಓಡಿ ಬಂತು ಎನ್ನುವಷ್ಟರಲ್ಲಿ ಹಂಚು ಪಕ್ಕಕ್ಕೆ, ಮುಂದಿನದು ಎದುರಿಗೆ. ನಡುವೆ ಸೆರಗು ಸರಿಪಡಿಸುವುದಿಲ್ಲ, ನಿಲ್ಲುವುದಿಲ್ಲ. ಉಕ್ಕಿದ ಮಣ್ಣು ಸುರುಳಿ ಸುರುಳಿಯಾಗಿ ಅವಳ ಕಾಲ ಬುಡದಲ್ಲಿ ಬೀಳುತ್ತಿತ್ತು. ಬಾಗಿಲವರೆಗೆ ಹೋದವರು ತಿರುಗಿ ನಿಂತರು. ಮುಕಾದಮನೂ ನಿಂತ.

"ಯಕ್ಕಾ, ಯಾರಿಗ ಇವು? ಸಾಕ ಮಾಡ" ಎಂದಳು ತಂಗೆವ್ವ.

"ಇನ್ನೊಂದ ಸ್ವಲ್ಪ ಅದಾವು. ಹಲಗಿ ಹಿಡಿ" ಎಂದಳು ಆಯಿ.

ತಂಗೆವ್ವ ಬುತ್ತಿಯ ಗಂಟನ್ನು ಕೆಳಗಿಟ್ಟು, ತನ್ನ ಸೊಟ್ಟ ಕೈಯಲ್ಲಿ ಹಲಗೆ ಹಿಡಿದು ನಿಂತಳು.