ರಾಷ್ಟ್ರಪತಿ ಭವನದಲ್ಲಿ ಅಪ್ಪನ ಕೆಲಸ

ನಂಬದಿರುವುದೇ ನನ್ನ ಕೆಲಸ. ಬಹ್ರೇನಿನ ಒಂದು ವಿಮಾ ಕಂಪನಿಯಲ್ಲಿ ಕೂತು, ಆಸ್ಪತ್ರೆಗಳಿಂದ ಬರುವ ಕ್ಲೇಮುಗಳನ್ನು ಪರಿಶೀಲಿಸುತ್ತೇನೆ. ಬೆನ್ನುನೋವು ಎಂದು ಬರೆಸಿಕೊಂಡವನಿಗೆ ನಿಜಕ್ಕೂ ಬೆನ್ನು ನೋಯುತ್ತಿತ್ತೇ, ಅಷ್ಟು ಟೆಸ್ಟುಗಳು ಬೇಕಿದ್ದವೇ ಎಂದು ಕೆದಕುವುದು. ವರ್ಷಗಟ್ಟಲೆ ಇದನ್ನೇ ಮಾಡಿ ಆ ಚಾಳಿ ಮನೆಗೂ ಬಂದಿದೆ. ಟುಬ್ಲಿಯ ಗ್ಯಾರೇಜಿನವನು ಕಾರಿನ ಎಸಿಗೆ ಗ್ಯಾಸ್ ತುಂಬಿದ್ದೇನೆ ಎಂದರೆ ಸಾಲದು, ತುಂಬುವಾಗ ನಾನು ಪಕ್ಕದಲ್ಲಿ ನಿಂತಿರಬೇಕು. ಮೀನಿನವನು ಇವತ್ತಿನದು ಎಂದರೆ ಕಿವಿರು ಎತ್ತಿ ನೋಡಬೇಕು. ದಾವಣಗೆರೆಯವನಾದ ನನ್ನ ಗಂಡ, "ನಿಂಗೆ ಗುಡ್ ಮಾರ್ನಿಂಗ್ ಹೇಳ್ಬೇಕಾದ್ರೂ ಸಿಪಿಆರ್ ಕಾರ್ಡ್ ತೋರಿಸ್ಬೇಕು ಕಣೆ" ಎಂದು ಗೇಲಿ ಮಾಡುತ್ತಾನೆ. ಇಲ್ಲಿ ಸಿಮ್ ಕೊಳ್ಳುವುದಕ್ಕೂ ಆ ಗುರುತಿನ ಚೀಟಿ ಬೇಕು.

ಹಾಗಿರುವಾಗ ಮಗಳ ಮಾತನ್ನು ಟೀಚರೊಬ್ಬರು ನಂಬಲಿಲ್ಲ ಎಂದರೆ ನಾನು ಸಿಟ್ಟಾಗಬಾರದಿತ್ತು. ಆದರೆ ಕೆಂಡವಾದೆ.

ಶಾಲೆಯಲ್ಲಿ ಹೆತ್ತವರನ್ನು ಕರೆಯುವ ದಿನ ಹತ್ತಿರ ಬಂದಿತ್ತು. ಒಡೆಯರು ಬದಲಾದ ಕಟ್ಟಡಗಳು ಎಂಬುದು ಮಕ್ಕಳ ಭಾಷಣದ ವಿಷಯ. ಎಂಟನೇ ಕ್ಲಾಸಿನ ನನ್ನ ಮಗಳು ರಾಷ್ಟ್ರಪತಿ ಭವನವನ್ನು ಆರಿಸಿಕೊಂಡಳು. ಚೆನ್ನಾಗಿಯೇ ಬರೆದಿದ್ದಳು. ಇಂಗ್ಲಿಷರು ರಾಜಧಾನಿಯನ್ನು ಕಲ್ಕತ್ತೆಯಿಂದ ದಿಲ್ಲಿಗೆ ತಂದದ್ದು, ರೈಸಿನಾ ಗುಡ್ಡದ ಹಳ್ಳಿಯವರನ್ನು ಎಬ್ಬಿಸಿ ವೈಸರಾಯನಿಗೆ ಮುನ್ನೂರ ನಲವತ್ತು ಕೋಣೆಗಳ ಮನೆ ಕಟ್ಟಿದ್ದು, ಶಾಶ್ವತವಾಗಿ ಇರುತ್ತೇವೆ ಎಂದುಕೊಂಡವರು ಕಾಲು ಚಾಚಿ ಕೂರುವಷ್ಟರಲ್ಲಿ ಗಂಟುಮೂಟೆ ಕಟ್ಟಿದ್ದು, ಆಮೇಲೆ ಅಲ್ಲಿ ವಾಸಕ್ಕೆ ಬಂದ ಮೊದಲ ಭಾರತೀಯ ಗವರ್ನರ್ ಜನರಲ್ ವೈಸರಾಯನ ಮಲಗುವ ಕೋಣೆ ವಿಪರೀತ ದೊಡ್ಡದಾಯಿತೆಂದು ಅತಿಥಿಗಳ ಸಣ್ಣ ಕೋಣೆಗೆ ಹೋಗಿ ಮಲಗಿದ್ದು, ಎಲ್ಲ ಇತ್ತು. ಈಗ ಅಲ್ಲಿ ಮಂತ್ರಿಗಳು ಪ್ರಮಾಣವಚನ ತೆಗೆದುಕೊಳ್ಳುತ್ತಾರೆ, ಬೇರೆ ದೇಶದ ಅಧ್ಯಕ್ಷರಿಗೆ ಔತಣ ನಡೆಯುತ್ತದೆ ಎಂದು ಬರೆದು, ಕೊನೆಗೆ ಒಂದು ಪ್ಯಾರಾ ಸೇರಿಸಿದ್ದಳು: ಆ ಔತಣದ ಹಾಲಿನಲ್ಲಿ ನನ್ನ ಅಜ್ಜ ಬಟ್ಲರ್ ಆಗಿದ್ದರು. ಬಿಳಿ ಗ್ಲೌಸ್ ಹಾಕಿಕೊಂಡು ಗೋಡೆಯ ಚಿತ್ರಗಳ ಮೇಲಿನ ದೀಪ ನೋಡುತ್ತಾ ನಿಲ್ಲುತ್ತಿದ್ದರು. ಹಸಿರು ಹತ್ತಿದರೆ ಬಡಿಸಬೇಕು, ಕೆಂಪು ಹತ್ತಿದರೆ ತಟ್ಟೆ ತೆಗೆಯಬೇಕು.

ಟೀಚರು ನನ್ನನ್ನು ಕರೆಸಿ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. "ದೀಪದ ವಿಷಯ ನೆಟ್‌ನಲ್ಲೆಲ್ಲ ಇದೆ. ಮಕ್ಕಳು ಓದಿದ್ದಕ್ಕೆ ಒಬ್ಬ ಅಜ್ಜನನ್ನು ಸೇರಿಸಿಬಿಡುತ್ತಾರೆ. ಇವಳು ಇಡೀ ಕ್ಲಾಸಿಗೆ ಹೇಳಿಬಿಟ್ಟಿದ್ದಾಳೆ. ಒಂದು ಫೋಟೊ, ಒಂದು ಐಡಿ ಇದ್ದರೆ ಮುಂದಿನ ಗುರುವಾರದೊಳಗೆ ತನ್ನಿ. ಇಲ್ಲದಿದ್ದರೆ ಅದು ಕಲ್ಪನೆ ಎಂದು ಕ್ಲಾಸಿನ ಮುಂದೆ ಅವಳೇ ಹೇಳಲಿ, ಆ ಪ್ಯಾರಾ ತೆಗೆಯೋಣ."

ಸುಳ್ಳುಗಾರ್ತಿ ಎಂಬ ಹಣೆಪಟ್ಟಿ ಹೊತ್ತು ಮಗಳು ಇನ್ನೂ ನಾಲ್ಕೈದು ವರ್ಷ ಅದೇ ಶಾಲೆಗೆ ಹೋಗಬೇಕಲ್ಲ. ಕಾರಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಅತ್ತಳು. "ಅಮ್ಮಾ, ಯು ನೋ ಇಟ್ಸ್ ಟ್ರೂ, ಅಲ್ವಾ?" ಎಂದಳು.

"ಸತ್ಯವೇ, ನಾನು ತೋರಿಸುತ್ತೇನೆ" ಎಂದೆ.

ತೋರಿಸುವುದಕ್ಕೆ ಏನೂ ಇರಲಿಲ್ಲ. ಅಪ್ಪ ದಿಲ್ಲಿಯಲ್ಲಿ ಒಬ್ಬರೇ ಇದ್ದರು, ನಾವೆಲ್ಲ ಕರಾವಳಿಯ ಊರಲ್ಲಿ. ಮೇ ತಿಂಗಳಿಗೆ ಬರುವರು. ಬಂದರೆ ನಮಗೆ ಹಬ್ಬ. ಊಟಕ್ಕೆ ಕೂತ ನಮ್ಮ ಬೆನ್ನ ಹಿಂದೆ ನಿಂತು "ಹಸಿರು" ಎಂದು ಗಂಜಿ ಬಡಿಸುವರು, ತಿಂದು ಮುಗಿಯುವ ಮೊದಲೇ "ಕೆಂಪು" ಎಂದು ಬಟ್ಟಲು ಎಳೆಯುವರು. ನಾವು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆವು. ಆ ಬಣ್ಣಗಳು ನಮ್ಮ ಮನೆಯವರಿಗಷ್ಟೇ ಗೊತ್ತಿರುವ ಗುಟ್ಟು ಎಂದೇ ನಂಬಿದ್ದೆ. ಮದುವೆಯಾದ ಮೇಲೊಮ್ಮೆ ದಿಲ್ಲಿಗೆ ಹೋಗಿ, ಟಿಕೆಟ್ ಮಾಡಿಸಿ ಭವನ ನೋಡಿದಾಗ ಗೈಡ್ ಹುಡುಗ ಬಂದವರಿಗೆಲ್ಲ ಅದನ್ನೇ ಹೇಳಿದ. ನನ್ನ ಮನೆಯ ಡಬ್ಬಿಯಲ್ಲಿದ್ದ ತಿಂಡಿಯನ್ನು ಅಂಗಡಿಯ ಮುಂದೆ ತೂಗಿ ಮಾರಿದ ಹಾಗೆ ಅನಿಸಿತ್ತು.

ಅಪ್ಪ ತೀರಿಕೊಂಡು ಎಷ್ಟೋ ಕಾಲವಾಯಿತು. ಅಮ್ಮ ಈಗ ನಮ್ಮ ಜೊತೆ ಬಹ್ರೇನಿನ ಸನದ್‌ನಲ್ಲೇ ಇದ್ದಾರೆ. ಫೋಟೊ ಉಂಟಾ ಎಂದು ಕೇಳಿದೆ. "ಗೆದ್ದಲು ತಿಂದಿತು" ಎಂದರು. ರಾತ್ರಿ ಊಟದ ಹೊತ್ತಿಗೆ ಮಗಳು ಕೇಳಿದಾಗ "ನಿನ್ನ ಮಾಮನ ಮನೆಯಲ್ಲಿ ಎಲ್ಲಿಯೋ ಇರ್ಬೇಕು" ಎಂದರು. ಒಂದೇ ಪ್ರಶ್ನೆಗೆ ಎರಡು ಉತ್ತರ. ಆಫೀಸಿನಲ್ಲಾದರೆ ಅಂಥ ಕ್ಲೇಮನ್ನು ನಾನು ಪಕ್ಕಕ್ಕೆ ತೆಗೆದಿಡುತ್ತೇನೆ.

ಮನಸ್ಸು ಒಮ್ಮೆ ಆ ದಾರಿ ಹಿಡಿದರೆ ಮುಗಿಯಿತು. ಟೀಚರ ಮೇಲಿದ್ದ ಸಿಟ್ಟೆಲ್ಲ ಇಳಿದು, ನಾನೇ ಟೀಚರ ಕುರ್ಚಿಯಲ್ಲಿ ಕೂತುಬಿಟ್ಟೆ. ಸರ್ಕಾರಿ ಬಟ್ಲರ್ ಆಗಿದ್ದರೆ ಅಮ್ಮನಿಗೆ ಪೆನ್ಶನ್ ಎಲ್ಲಿ? ಅಪ್ಪ ಹೋದಾಗ ನಾನು ಕಾಲೇಜಿನಲ್ಲಿದ್ದೆ, "ಕಾಗದಪತ್ರ ಸರಿ ಇಲ್ವಂತೆ" ಎಂದು ಅಮ್ಮ ಹೇಳಿದ್ದನ್ನು ನಾವೆಲ್ಲ ಒಪ್ಪಿಕೊಂಡಿದ್ದೆವು. ಅಪ್ಪನ ಜೊತೆ ಕೆಲಸ ಮಾಡಿದ ಒಬ್ಬರಾದರೂ ಮನೆಗೆ ಯಾಕೆ ಬರಲಿಲ್ಲ? ಔತಣಕ್ಕೆ ಬಂದ ಒಬ್ಬ ಅತಿಥಿಯ ಮುಖ, ಸೀರೆ, ಮೀಸೆ, ಏನನ್ನಾದರೂ ಅವರು ವರ್ಣಿಸಿದ್ದುಂಟೇ? ಇಲ್ಲ. ಬರೀ ದೀಪ, ಗ್ಲೌಸು, ತಟ್ಟೆ. ತಟ್ಟೆಯ ಅಂಚಿನ ಚಿನ್ನದ ಗೆರೆ, ತಟ್ಟೆಯ ಭಾರ, ಒಂದರ ಮೇಲೊಂದು ಇಡುವಾಗ ನಡುವೆ ಬಟ್ಟೆ ಹಾಕಬೇಕಾದದ್ದು.

ಆಮೇಲೆ ಕೈ ನೆನಪಾಯಿತು. ಮೇ ತಿಂಗಳ ಮೊದಲ ವಾರ ಅಪ್ಪ ಅನ್ನ ಕಲಸಲು ಆಗದೆ ಚಮಚದಲ್ಲಿ ತಿನ್ನುತ್ತಿದ್ದರು. ಬೆರಳ ಸಂದಿಯಲ್ಲಿ ಬಿರುಕು, ಸುಲಿದ ಚರ್ಮ, ಉಗುರಿನ ಬುಡದಲ್ಲಿ ಕೆಂಪು. ಅಮ್ಮ ತೆಂಗಿನೆಣ್ಣೆ ಹಚ್ಚುತ್ತಿದ್ದರು. ದಿಲ್ಲಿಯ ಚಳಿ ಎನ್ನುತ್ತಿದ್ದರು, ಆದರೆ ಅಪ್ಪ ಬರುತ್ತಿದ್ದುದು ದಿಲ್ಲಿಯ ಬಿಸಿಲಿನಿಂದ. ಇಲ್ಲಿಯ ಅದ್ಲಿಯಾ ಬಡಾವಣೆಯ ಹೋಟೆಲುಗಳ ಅಡುಗೆಮನೆಯ ಕೆಲಸಗಾರರು ಚರ್ಮದ ಡಾಕ್ಟರ ಹತ್ತಿರ ಹೋದ ಎಷ್ಟು ಕ್ಲೇಮುಗಳನ್ನು, ಎಷ್ಟು ಕೈಗಳ ಫೋಟೊಗಳನ್ನು ನಾನು ನೋಡಿಲ್ಲ! ದಿನವಿಡೀ ಸೋಪು ನೀರಿನಲ್ಲಿ ಮುಳುಗಿದ ಕೈ ಅದು. ಗ್ಲೌಸ್ ಹಾಕಿಕೊಂಡು ಬಡಿಸುವವನ ಕೈಯಲ್ಲ.

ಶುಕ್ರವಾರ ರಜೆ. ಅಮ್ಮ ಬೀನ್ಸ್ ಹೆಚ್ಚುತ್ತಿದ್ದರು. ಎದುರು ಕೂತು, "ಅಪ್ಪನ ಕೈ ಯಾಕೆ ಹಾಗಿತ್ತು?" ಎಂದು ಕೇಳಿದೆ.

"ಎಂತ ಕೈ? ನಿನ್ನ ಆಫೀಸಿನ ಬುದ್ಧಿ ಆಫೀಸಿನಲ್ಲೇ ಇಟ್ಟು ಬಾ ಮಾರಾಯ್ತಿ" ಎಂದರು.

"ಮಗಳು ಕ್ಲಾಸಿನ ಮುಂದೆ ನಿಂತು ತಾನು ಸುಳ್ಳು ಹೇಳಿದೆ ಅಂತ ಹೇಳ್ಬೇಕು ಅಮ್ಮ. ನನಗೆ ಸತ್ಯ ಬೇಕು."

ಚಾಕು ನಿಂತಿತು. ಅಮ್ಮ ಅದನ್ನು ಕೆಳಗಿಟ್ಟು ಬೀನ್ಸಿನ ನಾರು ಬಿಡಿಸತೊಡಗಿದರು. "ಅವ್ರು ಬಡಿಸ್ತಿರ್ಲಿಲ್ಲ" ಎಂದರು. "ತೊಳೀತಿದ್ರು. ಅದೂ ದೊಡ್ಡ ಊಟ ಇದ್ದಾಗ ಮಾತ್ರ, ಯಾರೋ ಕಂಟ್ರಾಕ್ಟಿನವರು ಕರ್ಕೊಂಡು ಹೋಗುದು. ಉಳಿದ ದಿನ ಹೋಟೆಲಲ್ಲಿ ಅದೇ ಕೆಲಸ."

"ಬಟ್ಲರ್ ಅಂತ ಅವರು ಯಾಕೆ ಹೇಳಿದ್ರು?"

"ಅವ್ರು ಹೇಳ್ಲಿಲ್ಲ. ನಾನು ಹೇಳಿದ್ದು. ನಿನ್ನ ದೊಡ್ಡಪ್ಪ ಎಲ್ಲರ ಎದುರು ಕೇಳಿದ್ರು, ಯಾರ್ಯಾರದ್ದೋ ಎಂಜಲು ತೊಳೀಲಿಕ್ಕೆ ಡೆಲ್ಲಿವರೆಗೆ ಹೋಗ್ಬೇಕಿತ್ತಾ, ಇಲ್ಲಿ ಹೋಟೆಲ್ ಇಲ್ವಾ ಅಂತ. ನನಗೆ ತಡೀಲಿಕ್ಕೆ ಆಗ್ಲಿಲ್ಲ. ಈಗ ಅವ್ರನ್ನು ರಾಷ್ಟ್ರಪತಿಗೆ ಬಡಿಸ್ಲಿಕ್ಕೆ ಹಾಕಿದ್ದಾರೆ ಅಂದೆ. ಆ ವರ್ಷ ಅವ್ರು ಊರಿಗೆ ಬಂದ ಕೂಡ್ಲೆ ನೀವು ಮಕ್ಕಳು ಮೈಮೇಲೆ ಬಿದ್ದು ಕೇಳಿದ್ರಿ. ಅವ್ರು ನನ್ನ ಮುಖ ನೋಡಿದ್ರು. ಮತ್ತೆ ಹೇಳ್ಲಿಕ್ಕೆ ಶುರು ಮಾಡಿದ್ರು."

"ಆ ದೀಪ?"

"ಕೆಂಪು ಹತ್ತಿತು ಅಂತ ಹೊರಗಿನಿಂದ ಯಾರೋ ಕೂಗುದಂತೆ. ಮತ್ತೆ ಬಟ್ಲಿನ ರಾಶಿ ಬರುದಂತೆ. ಹಸಿರಿನ ವಿಷಯ ಬಡಿಸುವವರ ಹತ್ರ ಕೇಳಿ ತಿಳ್ಕೊಂಡದ್ದು." ಮತ್ತೆ ಚಾಕು ಎತ್ತಿಕೊಂಡರು. "ನಿಮ್ಗೋಸ್ಕರ" ಎಂದರು.

ಅಪ್ಪನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಯ್ಯೋ ಎನಿಸಿತು. ವರ್ಷದ ಹನ್ನೊಂದು ತಿಂಗಳು ತೊಳೆದು, ಉಳಿದ ಒಂದು ತಿಂಗಳು ನಮ್ಮ ಬೆನ್ನ ಹಿಂದೆ ಬಟ್ಲರ್ ಆಗಿ ನಿಲ್ಲಬೇಕಾಯಿತಲ್ಲ ಆ ಮನುಷ್ಯ! ಬಿರುಕು ಬಿಟ್ಟ ಬೆರಳಲ್ಲಿ ನಮ್ಮ ಬಟ್ಟಲು ಎಳೆದು ನಮ್ಮನ್ನು ನಗಿಸಿದರಲ್ಲ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಮಗಳಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಎಲ್ಲ ಕೇಳಿಸಿಕೊಂಡು, "ಅಂದ್ರೆ ಮಿಸ್ ಹೇಳಿದ್ದು ಕರೆಕ್ಟ್. ಐ ಲೈಡ್" ಎಂದಳು.

"ನಿನಗೆ ಹೇಳಿದ್ದನ್ನು ನೀನು ಹೇಳಿದೆ. ಅದು ಸುಳ್ಳಲ್ಲ."

"ಬಟ್ ಅಜ್ಜ ಅಲ್ಲಿಗೆ ಹೋಗ್ತಿದ್ರಲ್ವಾ? ಇನ್‌ಸೈಡ್?"

"ಹೋಗ್ತಿದ್ರು."

"ಹಾಗಾದ್ರೆ ನಾನೇ ಹೇಳ್ತೀನಿ. ನೀನು ಮಾತಾಡ್ಬೇಡ."

ಗುರುವಾರ ಸ್ಟಾಫ್‌ರೂಮಿನಲ್ಲಿ ಅವಳು ನನಗಿಂತ ಒಂದು ಹೆಜ್ಜೆ ಮುಂದೆ ನಿಂತಳು. ನಾನು ರಾತ್ರಿಯೆಲ್ಲ ಉತ್ತರಗಳನ್ನು ಹೊಂದಿಸಿಕೊಂಡಿದ್ದೆ. ಯಾವ ವರ್ಷ, ಯಾವ ಕಂಟ್ರಾಕ್ಟು, ಯಾವ ಔತಣ ಎಂದು ಕೇಳಿದರೆ ಏನು ಹೇಳುವುದು? ಕಂಟ್ರಾಕ್ಟಿನವನ ಹೆಸರು ಅಮ್ಮನಿಗೂ ಗೊತ್ತಿರಲಿಲ್ಲ. ಬಟ್ಲರ್ ಎಂಬುದಕ್ಕೆ ಇಲ್ಲದ ಪುರಾವೆ ಇದಕ್ಕೂ ಇರಲಿಲ್ಲ. ಮಗಳು ಇಂಗ್ಲಿಷಿನಲ್ಲಿ ನೇರವಾಗಿ ಹೇಳಿದಳು: "ಮಿಸ್, ನನ್ನ ಅಜ್ಜ ಬಟ್ಲರ್ ಅಲ್ಲ. ಅವರು ಅಲ್ಲಿ ತಟ್ಟೆ ತೊಳೆಯುತ್ತಿದ್ದರು. ನಮಗೆ ಈಗ ಗೊತ್ತಾಯಿತು."

ಟೀಚರ ಮುಖ ಮೆತ್ತಗಾಯಿತು. ಅವಳ ಹೆಗಲ ಮೇಲೆ ಕೈಯಿಟ್ಟು, "ಹಾಗೇ ಹೇಳು ಕಂದಾ, ಇದು ಇನ್ನೂ ಚೆನ್ನಾಗಿದೆ" ಎಂದರು. ಪೆನ್ನು ತೆಗೆದು ಬಟ್ಲರ್, ಬಿಳಿ ಗ್ಲೌಸ್ ಎಂಬುದನ್ನೆಲ್ಲ ಹೊಡೆದುಹಾಕಿ ಮೇಲೆ ಬೇರೆ ಬರೆದರು. ಪ್ಯಾರಾ ಉಳಿಯಿತು. ಕ್ಲಾಸಿನ ಮುಂದೆ ತಪ್ಪೊಪ್ಪಿಗೆ ಬೇಡವೆಂದರು. ನಾನು ಕಾಯುತ್ತಾ ನಿಂತೆ. ಈಗ ಕೇಳುತ್ತಾರೆ, ಫೋಟೊ ಎಲ್ಲಿ, ಐಡಿ ಎಲ್ಲಿ ಎಂದು. ಅವರು ಇನ್ನೊಂದು ಮಗುವಿನ ಹಾಳೆ ತೆಗೆದುಕೊಂಡರು.

ಮಗಳು ಹಗುರಾಗಿ ಕ್ಲಾಸಿಗೆ ಓಡಿದಳು. ನಾನು ಕಾರಿಗೆ ಬಂದು, ಎಸಿ ಹಾಕಿ ಕೂತೆ. ಬಟ್ಲರ್ ಆಗಿದ್ದ ಅಪ್ಪನಿಗೆ ಅವರು ಗುರುತಿನ ಚೀಟಿ ಕೇಳಿದ್ದರು. ಎಂಜಲು ತೊಳೆದ ಅಪ್ಪನನ್ನು ಬರೀ ಬಾಯಿಮಾತಿನಲ್ಲಿ ನಂಬಿದರು. ಟೀಚರನ್ನು ಬೈದುಕೊಳ್ಳೋಣವೆಂದರೆ ಅದೂ ಆಗಲಿಲ್ಲ. ಬೀನ್ಸಿನ ನಾರು ಬಿಡಿಸುತ್ತಾ ಅಮ್ಮ ಆ ಮಾತು ಹೇಳಿದಾಗ, ಯಾರನ್ನೂ ನಂಬದ ನಾನು ಒಂದು ಪುರಾವೆಯನ್ನೂ ಕೇಳದೆ ನಂಬಿದ್ದೆ.